ಡಿಜಿಟಲ್ ವ್ಯವಹಾರ ಮತ್ತು ನಗರದ ಇಂಗಾಲದ ಲೆಕ್ಕ

ಬೆಂಗಳೂರಿನ ಬೀದಿಗಳಲ್ಲಿ ವಿದ್ಯುತ್ ದೀಪ ಉರಿದದ್ದು 1905ರಲ್ಲಿ. ಶಿವನಸಮುದ್ರದಲ್ಲಿ ಕಾವೇರಿಯ ನೀರಿನಿಂದ ಉತ್ಪಾದನೆಯಾಗುತ್ತಿದ್ದ ಆ ವಿದ್ಯುತ್ತಿಗೆ ಹೊಗೆಯಿರಲಿಲ್ಲ. ಎಂಟು ದಶಕಗಳ ನಂತರ, 1985ರಲ್ಲಿ, ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಸಂಸ್ಥೆ ಇದೇ ನಗರದಲ್ಲಿ ತನ್ನ ಕೇಂದ್ರವನ್ನು ತೆರೆದಾಗ ಇನ್ನೊಂದು ಬಗೆಯ ಹೊಗೆರಹಿತ ಉದ್ಯಮ ಬಂದಿತೆಂದೇ ಹಲವರು ಭಾವಿಸಿದ್ದರು. ಗಣಕಯಂತ್ರಕ್ಕೆ ಚಿಮಣಿ ಇಲ್ಲ, ಕಲ್ಲಿದ್ದಲು ಬೇಕಿಲ್ಲ, ಕೊಳಚೆ ನೀರೂ ಇಲ್ಲ ಎಂಬುದು ಆಗಿನ ಗ್ರಹಿಕೆ. ಇಂದು ಅಂಗಡಿಯ ಬಿಲ್ಲಿನಿಂದ ಹಿಡಿದು ಲಾರಿಯ ಸಾಗಣೆ ಪತ್ರದವರೆಗೆ ಎಲ್ಲವೂ ಗಣಕಕ್ಕೆ ಸೇರಿರುವಾಗ, ಆ ಗ್ರಹಿಕೆ ಎಷ್ಟರ ಮಟ್ಟಿಗೆ ನಿಜ ಎಂಬ ಪ್ರಶ್ನೆ ಪರಿಸರವಾದಿಗಳದು ಮಾತ್ರವಾಗಿ ಉಳಿದಿಲ್ಲ. ದೊಡ್ಡ ಖರೀದಿದಾರರೂ ವಿದೇಶಿ ಆಮದುದಾರರೂ ಸಣ್ಣ ಕೈಗಾರಿಕೆಗಳಿಂದ ಇಂಗಾಲದ ಲೆಕ್ಕವನ್ನು ಕೇಳಲಾರಂಭಿಸಿದ್ದಾರೆ. ಉತ್ತರ ಕೊಡಲಾಗದವರ ಆರ್ಡರು ಕೈತಪ್ಪುವ ಸಾಧ್ಯತೆಯಿದೆ.

ಡಿಜಿಟಲ್ ಆರ್ಥಿಕತೆಯು ನಗರದ ಇಂಗಾಲ ಹೊರಸೂಸುವಿಕೆಯನ್ನು ತಗ್ಗಿಸುತ್ತದೆಯೋ ಹೆಚ್ಚಿಸುತ್ತದೆಯೋ ಎಂದು ಒಂದೇ ಮಾತಿನಲ್ಲಿ ಹೇಳುವಂತಿಲ್ಲ. ಅದು ಕೆಲವು ಕಡೆ ಉಳಿಸುತ್ತದೆ, ಕೆಲವು ಕಡೆ ಉಳಿಸಿದ್ದನ್ನು ಮತ್ತೆ ಖರ್ಚು ಮಾಡಿಸುತ್ತದೆ, ಇನ್ನು ಕೆಲವು ಕಡೆ ಹೊಗೆಯನ್ನು ಒಂದು ಊರಿನಿಂದ ಇನ್ನೊಂದು ಊರಿಗೆ ವರ್ಗಾಯಿಸುತ್ತದೆ ಅಷ್ಟೆ. ಈ ಮೂರನ್ನೂ ಬಿಡಿಸಿ ನೋಡುವುದು ಅಗತ್ಯ.

ಲೆಕ್ಕಕ್ಕೆ ಬೇಕಾದ ಮೂರು ಅಂಕಿಗಳು

ವ್ಯಾಪಾರಿಗೆ ಲೆಕ್ಕ ಹೊಸದಲ್ಲ. ಇಂಗಾಲದ ಲೆಕ್ಕವೂ ಜಮಾ-ಖರ್ಚಿನಷ್ಟೇ ಸರಳವಾದ ಗುಣಾಕಾರ. ಒಂದು ಲೀಟರ್ ಡೀಸೆಲ್ ಉರಿದರೆ ಸುಮಾರು 2.7 ಕಿಲೋಗ್ರಾಂ ಇಂಗಾಲದ ಡೈಆಕ್ಸೈಡ್ ಹೊರಬೀಳುತ್ತದೆ. ಒಂದು ಲೀಟರ್ ಪೆಟ್ರೋಲಿಗೆ ಸುಮಾರು 2.3 ಕಿಲೋಗ್ರಾಂ. ಭಾರತದ ವಿದ್ಯುತ್ ಜಾಲದಿಂದ ಪಡೆದ ಒಂದು ಯೂನಿಟ್ ವಿದ್ಯುತ್ತಿಗೆ, ಕೇಂದ್ರೀಯ ವಿದ್ಯುತ್ ಪ್ರಾಧಿಕಾರವು ಪ್ರಕಟಿಸುವ ಸರಾಸರಿಯಂತೆ, ಸುಮಾರು 0.7 ಕಿಲೋಗ್ರಾಂ. ಲೀಟರ್ ಡೀಸೆಲ್ಲಿನ ತೂಕ ಒಂದು ಕಿಲೋಗ್ರಾಂಗಿಂತ ಕಡಿಮೆಯಿರುವಾಗ ಹೊಗೆಯ ತೂಕ ಅದಕ್ಕಿಂತ ಹೆಚ್ಚಾಗುವುದು ಹೇಗೆಂಬ ಸಂಶಯ ಸಹಜ. ಇಂಧನದಲ್ಲಿರುವ ಇಂಗಾಲವು ಉರಿಯುವಾಗ ಗಾಳಿಯಲ್ಲಿನ ಆಮ್ಲಜನಕವನ್ನು ಕೂಡಿಕೊಳ್ಳುವುದೇ ಅದಕ್ಕೆ ಕಾರಣ.

ಅಂತರರಾಷ್ಟ್ರೀಯ ಪದ್ಧತಿಯಲ್ಲಿ ಈ ಹೊರಸೂಸುವಿಕೆಯನ್ನು ಮೂರು ವ್ಯಾಪ್ತಿಗಳಾಗಿ ವಿಂಗಡಿಸಲಾಗುತ್ತದೆ. ಕಾರ್ಖಾನೆಯ ಆವರಣದಲ್ಲಿ ಅಥವಾ ಸ್ವಂತ ವಾಹನದಲ್ಲಿ ಉರಿಸಿದ ಇಂಧನದ್ದು ಮೊದಲನೆಯದು. ಕೊಂಡ ವಿದ್ಯುತ್ತಿನದು ಎರಡನೆಯದು. ಕಚ್ಚಾ ಸಾಮಗ್ರಿ, ಬಾಡಿಗೆ ಲಾರಿ, ಗ್ರಾಹಕನ ಬಳಕೆ ಮುಂತಾದ ಪರರ ಕೈಯಲ್ಲಿರುವುದೆಲ್ಲ ಮೂರನೆಯದು. ಡಿಜಿಟಲ್ ವ್ಯವಹಾರದ ವಿಶೇಷವೆಂದರೆ, ಅದು ಮೊದಲನೆಯ ವ್ಯಾಪ್ತಿಯಲ್ಲಿದ್ದುದನ್ನು ಎರಡಕ್ಕೂ, ಎರಡರಲ್ಲಿದ್ದುದನ್ನು ಮೂರಕ್ಕೂ ತಳ್ಳಬಲ್ಲದು. ಸ್ವಂತ ಸರ್ವರನ್ನು ತೆಗೆದುಹಾಕಿ ಲೆಕ್ಕಪತ್ರವನ್ನು ದೂರದ ದತ್ತಾಂಶ ಕೇಂದ್ರಕ್ಕೆ ಒಪ್ಪಿಸಿದ ಉದ್ದಿಮೆಯ ವಿದ್ಯುತ್ ಬಿಲ್ಲು ಇಳಿಯುತ್ತದೆ. ಆದರೆ ಆ ವಿದ್ಯುತ್ತು ಬೇರೊಬ್ಬರ ಬಿಲ್ಲಿನಲ್ಲಿ ಏರಿರುತ್ತದೆ.

ಚೆಕ್‌ಪೋಸ್ಟ್‌ಗಳು ಹೋದವು, ಗೋದಾಮುಗಳು ದೊಡ್ಡದಾದವು

ಉಳಿತಾಯಕ್ಕೆ ವ್ಯಾಪಾರಿ ಬಾಂಧವರು ಕಣ್ಣಾರೆ ಕಂಡ ಉದಾಹರಣೆಯೆಂದರೆ ಸರಕು ಸಾಗಣೆ. 2017ರ ಜುಲೈ 1ರಂದು ಜಿ.ಎಸ್.ಟಿ. ಜಾರಿಗೆ ಬಂದ ನಂತರ ರಾಜ್ಯಗಳ ಗಡಿಗಳಲ್ಲಿದ್ದ ವಾಣಿಜ್ಯ ತೆರಿಗೆ ತನಿಖಾ ಠಾಣೆಗಳು ಮುಚ್ಚಿದವು. 2018ರ ಏಪ್ರಿಲ್ 1ರಿಂದ ಅಂತರರಾಜ್ಯ ಸಾಗಣೆಗೆ ಇ-ವೇ ಬಿಲ್ ಕಡ್ಡಾಯವಾಯಿತು. ರಾಜ್ಯದೊಳಗಿನ ಸಾಗಣೆಗೂ ಅದೇ ದಿನ ಅದನ್ನು ಅನ್ವಯಿಸಿದ ಮೊದಲ ರಾಜ್ಯ ಕರ್ನಾಟಕ. ಇ-ಸುಗಮ್ ಪದ್ಧತಿಯ ಅನುಭವ ಇಲ್ಲಿನ ವರ್ತಕರಿಗೆ ಅದಕ್ಕೂ ಮೊದಲೇ ಇದ್ದಿತು. 2021ರ ಫೆಬ್ರವರಿ ಮಧ್ಯಭಾಗದಿಂದ ರಾಷ್ಟ್ರೀಯ ಹೆದ್ದಾರಿಗಳ ಸುಂಕದ ಕಟ್ಟೆಗಳಲ್ಲಿ ಫಾಸ್ಟ್ಯಾಗ್ ಕಡ್ಡಾಯವಾಯಿತು. ಸಾಲಿನಲ್ಲಿ ನಿಂತು ತೆವಳುವ ಭಾರೀ ಲಾರಿಯ ಎಂಜಿನ್ ಗಂಟೆಗೆ 2ರಿಂದ 3 ಲೀಟರ್ ಡೀಸೆಲನ್ನು ಏನೂ ಕೆಲಸ ಮಾಡದೆಯೇ ಉರಿಸುತ್ತದೆ. ಆ ಗಂಟೆ ಉಳಿದರೆ ಡೀಸೆಲ್ ಉಳಿಯಿತು, 5ರಿಂದ 8 ಕಿಲೋಗ್ರಾಂ ಹೊಗೆಯೂ ಉಳಿಯಿತು. ಇದರಲ್ಲಿ ವಿವಾದವಿಲ್ಲ.

ಕಥೆ ಅಲ್ಲಿಗೇ ನಿಲ್ಲಲಿಲ್ಲ. ಹಿಂದೆ ಪ್ರತಿ ರಾಜ್ಯದಲ್ಲೂ ತೆರಿಗೆಯ ಕಾರಣಕ್ಕಾಗಿ ಒಂದೊಂದು ಸಣ್ಣ ಗೋದಾಮನ್ನು ಇಟ್ಟುಕೊಳ್ಳುತ್ತಿದ್ದ ಕಂಪನಿಗಳು, ಆ ಕಾರಣ ಇಲ್ಲವಾದ ಮೇಲೆ ಕೆಲವೇ ದೊಡ್ಡ ಗೋದಾಮುಗಳಿಗೆ ಬದಲಾದವು. ನೆಲಮಂಗಲ, ಹೊಸಕೋಟೆ, ಮಾಲೂರುಗಳ ಸುತ್ತ ಎದ್ದಿರುವ ಬೃಹತ್ ಶೆಡ್ಡುಗಳಿಗೆ ಇದೂ ಒಂದು ಹಿನ್ನೆಲೆ. ದೊಡ್ಡ ಗೋದಾಮಿಗೆ ತುಂಬಿದ ಲಾರಿ ಬರುವುದರಿಂದ ಟನ್ನಿಗೆ ತಗಲುವ ಡೀಸೆಲ್ ಕಡಿಮೆ. ಆದರೆ ಅಲ್ಲಿಂದ ಚಿಲ್ಲರೆ ಅಂಗಡಿಗೆ ಸರಕು ಕ್ರಮಿಸಬೇಕಾದ ದೂರ ಹೆಚ್ಚು, ಮತ್ತು ಆ ದೂರದ ಕೊನೆಯ ಭಾಗ ಬೆಂಗಳೂರಿನ ರಸ್ತೆಗಳಲ್ಲಿ. 2019ರಲ್ಲಿ ಟಾಮ್‌ಟಾಮ್ ಸಂಸ್ಥೆಯ ಸಂಚಾರ ದಟ್ಟಣೆಯ ಜಾಗತಿಕ ಪಟ್ಟಿಯಲ್ಲಿ ಬೆಂಗಳೂರು ಮೊದಲ ಸ್ಥಾನದಲ್ಲಿತ್ತೆಂಬುದನ್ನು ನೆನೆದರೆ, ಗಡಿಯಲ್ಲಿ ಉಳಿಸಿದ ಡೀಸೆಲಿನ ಒಂದಂಶ ಗೊರಗುಂಟೆಪಾಳ್ಯದ ಸಿಗ್ನಲ್ಲಿನಲ್ಲಿ ಖರ್ಚಾಗುತ್ತಿರಬಹುದೆಂಬುದು ಅರ್ಥವಾಗುತ್ತದೆ.

ಈ ವಿಪರ್ಯಾಸವನ್ನು ಮೊದಲು ಗುರುತಿಸಿದವರು ಇಂಗ್ಲೆಂಡಿನ ಅರ್ಥಶಾಸ್ತ್ರಜ್ಞ ವಿಲಿಯಂ ಸ್ಟ್ಯಾನ್ಲಿ ಜೆವನ್ಸ್. ಕಡಿಮೆ ಕಲ್ಲಿದ್ದಲಿನಲ್ಲಿ ಹೆಚ್ಚು ಕೆಲಸ ಮಾಡುವ ಉಗಿಯಂತ್ರ ಬಂದಾಗ ಕಲ್ಲಿದ್ದಲಿನ ಒಟ್ಟು ಬಳಕೆ ಇಳಿಯುವ ಬದಲು ಏರಿತೆಂದು ಅವರು 1865ರಲ್ಲಿ ತೋರಿಸಿದರು. ಯಂತ್ರ ಅಗ್ಗವಾದಷ್ಟೂ ಅದನ್ನು ಬಳಸುವವರು ಹೆಚ್ಚಾದರು. ಡಿಜಿಟಲ್ ವ್ಯವಹಾರದಲ್ಲಿ ಆಗುತ್ತಿರುವುದೂ ಬಹುಮಟ್ಟಿಗೆ ಇದೇ.

ಒಂದು ಅಂಗಿಯ ಪ್ರಯಾಣ

ಆನ್‌ಲೈನ್ ಮಾರಾಟದಿಂದ ಚಿಕ್ಕಪೇಟೆಯ ಬಟ್ಟೆ ವ್ಯಾಪಾರಕ್ಕೆ ಏನಾಯಿತೆಂಬುದು ಬೇರೆಯೇ ಚರ್ಚೆ. ಇಂಗಾಲದ ಮಟ್ಟಿಗೆ ಮಾತ್ರ ನೋಡುವುದಾದರೆ, ಒಂದು ಅಂದಾಜು ಲೆಕ್ಕವನ್ನು ಹೀಗೆ ಹಾಕಬಹುದು. ರಾಜಾಜಿನಗರದ ಗ್ರಾಹಕನೊಬ್ಬ ಸ್ಕೂಟರಿನಲ್ಲಿ ಚಿಕ್ಕಪೇಟೆಗೆ ಹೋಗಿ ಬರಲು 10 ಕಿಲೋಮೀಟರ್ ಎಂದಿಟ್ಟುಕೊಂಡರೆ, ಲೀಟರಿಗೆ 45 ಕಿಲೋಮೀಟರಿನಂತೆ ಸುಮಾರು 500 ಗ್ರಾಂ ಹೊಗೆ. ಅದೇ ಅಂಗಿಯನ್ನು 80 ಪೊಟ್ಟಣಗಳನ್ನು ಹೊತ್ತು 60 ಕಿಲೋಮೀಟರ್ ಸುತ್ತುವ ಡೀಸೆಲ್ ವ್ಯಾನು ತಲುಪಿಸಿದರೆ, ಲೀಟರಿಗೆ 12 ಕಿಲೋಮೀಟರಿನಂತೆ ಪೊಟ್ಟಣವೊಂದಕ್ಕೆ ಸುಮಾರು 170 ಗ್ರಾಂ. ಮೂರನೆಯ ಒಂದು ಭಾಗ! ಆನ್‌ಲೈನ್ ಕಂಪನಿಗಳು ತಮ್ಮ ವರದಿಗಳಲ್ಲಿ ಹೇಳಿಕೊಳ್ಳಲು ಇಷ್ಟಪಡುವುದು ಈ ಬಗೆಯ ಲೆಕ್ಕವನ್ನು.

ಈಗ ಲೆಕ್ಕವನ್ನು ಸ್ವಲ್ಪ ಅಲುಗಾಡಿಸಬೇಕು. ಗ್ರಾಹಕ ಅದೇ ಪ್ರಯಾಣದಲ್ಲಿ ಮೂರು ಸಾಮಾನು ಕೊಂಡರೆ ಒಂದೊಂದಕ್ಕೆ ಬೀಳುವುದೂ 170 ಗ್ರಾಮೇ. ಅಂದರೆ ವ್ಯತ್ಯಾಸ ಇಲ್ಲವಾಯಿತು. ಬಸ್ಸಿನಲ್ಲೋ ಮೆಟ್ರೋದಲ್ಲೋ ಬಂದಿದ್ದರೆ ಅಂಗಡಿಯೇ ಮೇಲು. ಅಳತೆ ಸರಿಹೋಗದೆ ಅಂಗಿ ಹಿಂದಿರುಗಿದರೆ ವ್ಯಾನಿನ ಪಾಲು 340 ಗ್ರಾಂ ಆಗುತ್ತದೆ, ಬದಲಿ ಅಂಗಿ ಬಂದರೆ 500ನ್ನು ದಾಟುತ್ತದೆ. ಬಟ್ಟೆ ಮತ್ತು ಪಾದರಕ್ಷೆಗಳಲ್ಲಿ ವಾಪಸಾತಿ ಎಷ್ಟೆಂಬುದು ಆ ವ್ಯಾಪಾರದಲ್ಲಿರುವವರಿಗೆ ಗೊತ್ತೇ ಇದೆ. ಮೇಲಿನ ರಟ್ಟಿನ ಪೆಟ್ಟಿಗೆ, ಗುಳ್ಳೆ ಪ್ಲಾಸ್ಟಿಕ್, ಅಂಟುಪಟ್ಟಿ ಇವೆಲ್ಲ ಈ ಲೆಕ್ಕದ ಹೊರಗೇ ಉಳಿದಿವೆ.

ಹತ್ತು ನಿಮಿಷಗಳಲ್ಲಿ ಮನೆಗೆ ತಲುಪಿಸುವ ಹೊಸ ಪದ್ಧತಿಯಲ್ಲಿ ಲೆಕ್ಕ ಇನ್ನೂ ಕೆಡುತ್ತದೆ. ವ್ಯಾನಿನ ಲಾಭವಿದ್ದದ್ದು ಒಂದೇ ಸುತ್ತಿನಲ್ಲಿ 80 ಮನೆಗಳಿಗೆ ಹೋಗುವುದರಲ್ಲಿ. ಹತ್ತು ನಿಮಿಷದ ಮಾತು ಕೊಟ್ಟವನು ಇನ್ನೊಂದು ಆರ್ಡರಿಗಾಗಿ ಕಾಯುವಂತಿಲ್ಲ. ಅರ್ಧ ಲೀಟರ್ ಹಾಲಿಗಾಗಿ ಹೋಗಿ ಬರಲು 4 ಕಿಲೋಮೀಟರ್ ಓಡುವ ಪೆಟ್ರೋಲ್ ಸ್ಕೂಟರ್ 200 ಗ್ರಾಂ ಹೊಗೆ ಬಿಡುತ್ತದೆ. ಬೀದಿಯ ತುದಿಯ ದಿನಸಿ ಅಂಗಡಿಗೆ ನಡೆದುಹೋದವನದು ಸೊನ್ನೆ. ವಿದ್ಯುತ್ ಸ್ಕೂಟರಾದರೆ ಅದೇ ದೂರಕ್ಕೆ ಸುಮಾರು 80 ಗ್ರಾಂ ಸಾಕು. ಬೆಂಗಳೂರಿನ ಬೀದಿಗಳಲ್ಲಿ ಸರಕಿನ ವಿದ್ಯುತ್ ತ್ರಿಚಕ್ರಗಳು ಹೆಚ್ಚುತ್ತಿರುವುದು ಈ ದೃಷ್ಟಿಯಿಂದ ಒಳ್ಳೆಯದೇ. ವಿದ್ಯುತ್ ವಾಹನ ನೀತಿಯನ್ನು ಪ್ರಕಟಿಸಿದ ಮೊದಲ ರಾಜ್ಯ ಕರ್ನಾಟಕವೆಂಬುದೂ, ಅದು 2017ರಲ್ಲೇ ಆಯಿತೆಂಬುದೂ ಇಲ್ಲಿ ಉಲ್ಲೇಖಾರ್ಹ.

ಮನೆಯಿಂದಲೇ ಕಚೇರಿ ಕೆಲಸ ಮಾಡುವ ಪದ್ಧತಿಯ ಕುರಿತೂ ಹೀಗೆಯೇ ಎರಡು ಮಾತು. 2020ರ ಲಾಕ್‌ಡೌನ್ ಕಾಲದಲ್ಲಿ ರೂಢಿಗೆ ಬಂದ ಈ ಪದ್ಧತಿಯಿಂದ, ದಿನಕ್ಕೆ 30 ಕಿಲೋಮೀಟರ್ ಕಾರಿನಲ್ಲಿ ಓಡಾಡುವವನೊಬ್ಬ ಸುಮಾರು 5.7 ಕಿಲೋಗ್ರಾಂ ಉಳಿಸುತ್ತಾನೆ. ಅವನು ಮನೆಯಲ್ಲಿ ತನ್ನೊಬ್ಬನಿಗಾಗಿ ಎಂಟು ಗಂಟೆ ಹವಾನಿಯಂತ್ರಕ ಓಡಿಸಿ 8 ಯೂನಿಟ್ ಖರ್ಚು ಮಾಡಿದರೆ ಉಳಿಸಿದ್ದೆಲ್ಲ ಹೋಯಿತು. ಫ್ಯಾನು ಮತ್ತು ಲ್ಯಾಪ್‌ಟಾಪಿಗೆ 1 ಯೂನಿಟ್ ಸಾಕು. ಬೆಂಗಳೂರಿನ ಹವೆ ಇನ್ನೂ ಅಷ್ಟರ ಮಟ್ಟಿಗೆ ಕೃಪೆ ತೋರುತ್ತಿದೆ.

ಕಾಣದ ಕಾರ್ಖಾನೆ

ಯು.ಪಿ.ಐ. ಮೂಲಕ ನಡೆಯುವ ಪಾವತಿಗಳು 2025ರ ಆಗಸ್ಟ್ ತಿಂಗಳೊಂದರಲ್ಲೇ 2,000 ಕೋಟಿಯನ್ನು ದಾಟಿದವು. ಒಂದು ಪಾವತಿಗೆ ತಗಲುವ ವಿದ್ಯುತ್ ತೀರಾ ಅತ್ಯಲ್ಪ. ಈ ಬಗ್ಗೆ ವರ್ತಕರು ಚಿಂತಿಸಬೇಕಾದ್ದಿಲ್ಲ. ಒಂದು ಇ-ಮೇಲ್, ಒಂದು ವಿಡಿಯೋ ಎಂದು ಗ್ರಾಂಗಳಲ್ಲಿ ಹೆದರಿಸುವ ಲೆಕ್ಕಗಳಲ್ಲಿಯೂ ಉತ್ಪ್ರೇಕ್ಷೆ ಬಹಳ. ಒಂದು ಗಂಟೆ ವಿಡಿಯೋ ನೋಡುವುದಕ್ಕೆ ಅಂತರರಾಷ್ಟ್ರೀಯ ಇಂಧನ ಸಂಸ್ಥೆಯು 2020ರಲ್ಲಿ ಕಟ್ಟಿದ ಜಾಗತಿಕ ಅಂದಾಜು 36 ಗ್ರಾಂ ಮಾತ್ರ.

ಆದರೆ ಎಲ್ಲವನ್ನೂ ಒಟ್ಟುಗೂಡಿಸಿ ನೋಡಿದಾಗ ಚಿತ್ರ ಬದಲಾಗುತ್ತದೆ. ಅದೇ ಸಂಸ್ಥೆಯ 2025ರ ವರದಿಯ ಪ್ರಕಾರ 2024ರಲ್ಲಿ ವಿಶ್ವದ ದತ್ತಾಂಶ ಕೇಂದ್ರಗಳು ಸುಮಾರು 415 ಶತಕೋಟಿ ಯೂನಿಟ್ ವಿದ್ಯುತ್ ಬಳಸಿದವು. ಇದು ವಿಶ್ವದ ಒಟ್ಟು ಬಳಕೆಯ ಶೇಕಡಾ 1.5. ಕೃತಕ ಬುದ್ಧಿಮತ್ತೆಯ ಬೇಡಿಕೆಯಿಂದಾಗಿ 2030ರ ವೇಳೆಗೆ ಇದು ಸುಮಾರು 945 ಶತಕೋಟಿಗೆ ಏರಬಹುದೆಂಬುದು ಆ ವರದಿಯ ಅಂದಾಜು. ಜಾಗತಿಕ ಸರಾಸರಿ ಸಣ್ಣದೆನಿಸಿದರೂ ಕೇಂದ್ರಗಳು ಕೆಲವೇ ನಗರಗಳ ಸುತ್ತ ಗುಂಪುಗೂಡುವುದರಿಂದ ಸ್ಥಳೀಯ ಪರಿಣಾಮ ಬಹಳ ದೊಡ್ಡದು. ಐರ್ಲೆಂಡಿನಲ್ಲಿ 2023ರಲ್ಲಿ ಮೀಟರ್ ಮೂಲಕ ಬಳಕೆಯಾದ ವಿದ್ಯುತ್ತಿನ ಶೇಕಡಾ 21ರಷ್ಟನ್ನು ದತ್ತಾಂಶ ಕೇಂದ್ರಗಳೇ ಬಳಸಿದವು. ನಗರಗಳ ಎಲ್ಲ ಮನೆಗಳು ಸೇರಿ ಬಳಸಿದ್ದು ಶೇಕಡಾ 18. ಚೀನಾ ಸರ್ಕಾರ 2022ರಲ್ಲಿ ಬೇರೊಂದು ದಾರಿ ಹಿಡಿಯಿತು. ಪೂರ್ವ ಕರಾವಳಿಯ ನಗರಗಳ ದತ್ತಾಂಶವನ್ನು ಪಶ್ಚಿಮದ ಗುಯಿಝೌ, ಒಳ ಮಂಗೋಲಿಯಾ ಮುಂತಾದ ಪ್ರಾಂತಗಳಿಗೆ ಒಯ್ದು ಅಲ್ಲಿನ ಅಗ್ಗದ ಜಲ, ಪವನ ಮತ್ತು ಸೌರ ವಿದ್ಯುತ್ತಿನಲ್ಲಿ ಸಂಸ್ಕರಿಸುವ ಯೋಜನೆಯದು.

ಭಾರತದಲ್ಲಿ ಇಂಥ ಕೇಂದ್ರಗಳು ಹೆಚ್ಚಾಗಿರುವುದು ಸಮುದ್ರದಡಿಯ ಕೇಬಲ್‌ಗಳು ದಡ ಸೇರುವ ಮುಂಬಯಿ ಮತ್ತು ಚೆನ್ನೈಗಳಲ್ಲಿ. ಬೆಂಗಳೂರಿನ ಸಾಫ್ಟ್‌ವೇರಿನ ಹೊಗೆ ಬೆಂಗಳೂರಿನಲ್ಲಿ ಏಳದಿರಲು ಇದೂ ಒಂದು ಕಾರಣ. ಕೇವಲ 1 ಮೆಗಾವ್ಯಾಟ್ ಗಣಕ ಹೊರೆಯ ಕೇಂದ್ರವೊಂದು ವರ್ಷವಿಡೀ ನಡೆದರೆ 87.6 ಲಕ್ಷ ಯೂನಿಟ್. ತಂಪು ಮಾಡುವ ವ್ಯವಸ್ಥೆಗೆ ಅದರ ಅರ್ಧದಷ್ಟು ಬೇಕೆಂದರೆ ಒಟ್ಟು 1.31 ಕೋಟಿ ಯೂನಿಟ್, ಅಂದರೆ ಸುಮಾರು 9,200 ಟನ್ ಇಂಗಾಲದ ಡೈಆಕ್ಸೈಡ್. ಇಂದಿನ ದೊಡ್ಡ ಕೇಂದ್ರಗಳು ಇಂಥ ಹತ್ತಾರು ಮೆಗಾವ್ಯಾಟುಗಳವು.

ಹಾಗೆಂದು ಸಣ್ಣ ಉದ್ದಿಮೆಯು ತನ್ನ ಕಚೇರಿಯ ಮೂಲೆಯಲ್ಲಿ ಸ್ವಂತ ಸರ್ವರ್ ಇಟ್ಟುಕೊಳ್ಳುವುದೇ ಮೇಲೆಂಬ ತೀರ್ಮಾನಕ್ಕೆ ಬರುವಂತಿಲ್ಲ. ಅಂಥ ಸರ್ವರ್ ಬಹುಪಾಲು ಸಮಯ ಕೆಲಸವಿಲ್ಲದೆ ಉರಿಯುತ್ತಿರುತ್ತದೆ. ಜೊತೆಗೊಂದು ಹವಾನಿಯಂತ್ರಕ, ವಿದ್ಯುತ್ ಹೋದಾಗ ಡೀಸೆಲ್ ಜನರೇಟರು. ಜನರೇಟರಿನ ಒಂದು ಲೀಟರಿಗೆ ಸಿಗುವುದು ಮೂರರಿಂದ ಮೂರೂವರೆ ಯೂನಿಟ್. ಹೊಗೆ ಯೂನಿಟ್ಟಿಗೆ ಸುಮಾರು 0.8ರಿಂದ 0.9 ಕಿಲೋಗ್ರಾಂ. ಡೀಸೆಲ್ ಲೀಟರಿಗೆ 90 ರೂಪಾಯಿ ಎಂದು ಹಿಡಿದರೂ ಇಂಧನದ ಖರ್ಚೇ ಯೂನಿಟ್ಟಿಗೆ 26ರಿಂದ 30 ರೂಪಾಯಿ. ಹಲವರು ಹಂಚಿಕೊಂಡು ಬಳಸುವ ದೊಡ್ಡ ಕೇಂದ್ರದಲ್ಲಿ ಅಷ್ಟೇ ಕೆಲಸ ಕಡಿಮೆ ವಿದ್ಯುತ್ತಿನಲ್ಲಿ ಆಗುತ್ತದೆ.

ಕಾರ್ಖಾನೆಯ ಒಳಗೆ

ಅಂದಿನ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಯು 2023ರ ನವೆಂಬರಿನಲ್ಲಿ ಪ್ರಕಟಿಸಿದ ಹವಾಮಾನ ಕ್ರಿಯಾ ಯೋಜನೆಯಲ್ಲಿ 2050ರ ವೇಳೆಗೆ ನಿವ್ವಳ ಶೂನ್ಯ ಹೊರಸೂಸುವಿಕೆಯ ಗುರಿಯನ್ನು ಇರಿಸಲಾಗಿದೆ. ನಗರದ ಹೊರಸೂಸುವಿಕೆಯಲ್ಲಿ ಅತಿ ದೊಡ್ಡ ಪಾಲು ಕಟ್ಟಡಗಳು ಮತ್ತು ಕೈಗಾರಿಕೆಗಳು ಬಳಸುವ ಶಕ್ತಿಯದು. ವಾಹನಗಳದು ಅದರ ನಂತರ. ಆದ್ದರಿಂದ ಡಿಜಿಟಲ್ ತಂತ್ರಜ್ಞಾನದ ನಿಜವಾದ ಉಪಯೋಗ ಇರುವುದು ಪೊಟ್ಟಣ ತಲುಪಿಸುವ ಆ್ಯಪಿಗಿಂತ ಹೆಚ್ಚಾಗಿ ಕಾರ್ಖಾನೆಯ ಗೋಡೆಯ ಮೇಲೆ ಕೂರುವ ಮಾಪಕದಲ್ಲಿ.

ಪೀಣ್ಯದಂಥ ಕೈಗಾರಿಕಾ ಪ್ರದೇಶದ ಯಾವುದೇ ಯಂತ್ರಭಾಗಗಳ ಘಟಕವನ್ನು ತೆಗೆದುಕೊಳ್ಳಬಹುದು. ಅಲ್ಲಿ 22 ಕಿಲೋವ್ಯಾಟಿನ ಏರ್ ಕಂಪ್ರೆಸರ್ ದಿನಕ್ಕೆ 16 ಗಂಟೆ, ವರ್ಷಕ್ಕೆ 300 ದಿನ ಓಡುತ್ತದೆ ಎಂದಿಟ್ಟುಕೊಳ್ಳೋಣ. ನಿರ್ವಹಣೆ ಸರಿಯಿಲ್ಲದ ಘಟಕಗಳಲ್ಲಿ ಒತ್ತಿದ ಗಾಳಿಯ ಕಾಲುಭಾಗ ಕೊಳವೆಯ ಜೋಡಣೆಗಳಲ್ಲಿ ಸೋರಿಹೋಗುವುದು ಅಪರೂಪವೇನಲ್ಲ. ಹಾಗಿದ್ದರೆ ವರ್ಷಕ್ಕೆ ಸುಮಾರು 26,000 ಯೂನಿಟ್ ಗಾಳಿಯಲ್ಲಿ ಗಾಳಿಯಾಯಿತು. ಯೂನಿಟ್ಟಿಗೆ 7 ರೂಪಾಯಿ ಹಿಡಿದರೆ 1.8 ಲಕ್ಷ ರೂಪಾಯಿ ನಷ್ಟ, 18 ಟನ್ ಹೊಗೆ. ತಿಂಗಳ ಕೊನೆಗೆ ಬರುವ ಬೆಸ್ಕಾಂ ಬಿಲ್ಲಿನಲ್ಲಿ ಇದು ಕಾಣುವುದಿಲ್ಲ, ಅಲ್ಲಿರುವುದು ಒಟ್ಟು ಮೊತ್ತ ಮಾತ್ರ. ಕಂಪ್ರೆಸರಿಗೆ ಪ್ರತ್ಯೇಕ ಮಾಪಕ ಜೋಡಿಸಿ, ಊಟದ ವಿರಾಮದಲ್ಲಿ ಎಲ್ಲ ಯಂತ್ರಗಳೂ ನಿಂತಿರುವಾಗ ಅದು ಎಷ್ಟು ವಿದ್ಯುತ್ ಎಳೆಯುತ್ತಿದೆಯೆಂದು ನೋಡಿದರೆ ಹತ್ತು ನಿಮಿಷದಲ್ಲಿ ಗೊತ್ತಾಗುತ್ತದೆ. ಸಿ.ಎನ್.ಸಿ. ಯಂತ್ರಗಳು ಕೆಲಸವಿಲ್ಲದೆ ಚಾಲೂ ಇರುವ ಹೊತ್ತು, ಕುಲುಮೆಯನ್ನು ಅರ್ಧ ತುಂಬಿಸಿ ಕಾಯಿಸುವುದು, ಎರಡು ಬಾರಿ ಸುತ್ತಿಸಿದ ಹಳೆಯ ಮೋಟಾರು ಇವೆಲ್ಲವೂ ಇದೇ ಬಗೆಯಲ್ಲಿ ಬಯಲಾಗುತ್ತವೆ. ಜೆವನ್ಸರ ಎಚ್ಚರಿಕೆ ಇಲ್ಲಿ ಅಷ್ಟಾಗಿ ಅನ್ವಯಿಸುವುದಿಲ್ಲ. ಸೋರಿಕೆ ನಿಂತಿತೆಂದು ಯಾರೂ ಹೆಚ್ಚು ಗಾಳಿ ಒತ್ತುವುದಿಲ್ಲ.

ಖರೀದಿದಾರರ ಪ್ರಶ್ನಾವಳಿ

ಸೆಬಿ ಸಂಸ್ಥೆಯು 2021ರ ಮೇ ತಿಂಗಳಲ್ಲಿ ಹೊರಡಿಸಿದ ಸುತ್ತೋಲೆಯ ಪ್ರಕಾರ, ಷೇರುಪೇಟೆಯಲ್ಲಿ ನೋಂದಾಯಿತವಾದ ಅಗ್ರ 1,000 ಕಂಪನಿಗಳು 2022-23ರಿಂದ ತಮ್ಮ ಪರಿಸರ ಸಂಬಂಧಿ ವಿವರಗಳನ್ನು ಕಡ್ಡಾಯವಾಗಿ ವರದಿ ಮಾಡಬೇಕಾಗಿದೆ. ಸಣ್ಣ ಘಟಕಗಳ ಮೇಲೆ ನೇರ ಹೊಣೆಯಿಲ್ಲ. ಆದರೆ ದೊಡ್ಡ ಕಂಪನಿಯ ಮೂರನೆಯ ವ್ಯಾಪ್ತಿ ಎಂದರೆ ಅದಕ್ಕೆ ಮಾಲು ಒದಗಿಸುವ ಸಣ್ಣ ಘಟಕದ ಮೊದಲ ಮತ್ತು ಎರಡನೆಯ ವ್ಯಾಪ್ತಿಗಳೇ. ಪ್ರಶ್ನಾವಳಿಗಳು ಬರುತ್ತಿರುವುದು ಹಾಗೆ.

ಐರೋಪ್ಯ ಒಕ್ಕೂಟದ ಗಡಿ ಇಂಗಾಲ ಸುಂಕದ ವ್ಯವಸ್ಥೆ ಇನ್ನೂ ಕಟ್ಟುನಿಟ್ಟಿನದು. 2023ರ ಅಕ್ಟೋಬರಿನಿಂದ ವರದಿಗೆ ಸೀಮಿತವಾಗಿದ್ದ ಅದು 2026ರ ಜನವರಿ 1ರಿಂದ ಪೂರ್ಣ ಹಂತವನ್ನು ಪ್ರವೇಶಿಸಿದೆ. ಉಕ್ಕು ಮತ್ತು ಅಲ್ಯೂಮಿನಿಯಂ ಮಾತ್ರವಲ್ಲದೆ ಉಕ್ಕಿನ ಬೋಲ್ಟು, ನಟ್ಟು, ಸ್ಕ್ರೂಗಳೂ ಅದರ ಪಟ್ಟಿಯಲ್ಲಿವೆ. ಸುಂಕ ತೆರುವವನು ಅಲ್ಲಿನ ಆಮದುದಾರ. ಅಂಕಿ-ಅಂಶ ಒದಗಿಸಬೇಕಾದವನು ಇಲ್ಲಿನ ತಯಾರಕ. ಒದಗಿಸದಿದ್ದರೆ ಒಕ್ಕೂಟವೇ ನಿಗದಿಪಡಿಸಿದ, ಸಾಮಾನ್ಯವಾಗಿ ಹೆಚ್ಚಿನದಾದ ಅಂಕಿಯನ್ನು ಹಿಡಿಯಲಾಗುತ್ತದೆ, ಮತ್ತು ಆ ಹೊರೆಯನ್ನು ಆಮದುದಾರನು ಬೆಲೆಯ ಚೌಕಾಸಿಯಲ್ಲಿ ಹಿಂದಿರುಗಿಸುತ್ತಾನೆ. ವರ್ಷಕ್ಕೆ ಒಟ್ಟು 50 ಟನ್ ಮೀರದಷ್ಟು ಆಮದು ಮಾಡಿಕೊಳ್ಳುವವರಿಗೆ 2025ರಲ್ಲಿ ವಿನಾಯಿತಿ ನೀಡಲಾಗಿದೆ. ಈ ಮಿತಿಯು ಆಮದುದಾರನಿಗೆ ಸಂಬಂಧಿಸಿದ್ದು, ರಫ್ತುದಾರನಿಗಲ್ಲ. ಇಬ್ಬರು ಮೂವರು ಸಣ್ಣ ರಫ್ತುದಾರರಿಂದ ಕೊಳ್ಳುವ ಆಮದುದಾರ ಸುಲಭವಾಗಿ ಮಿತಿ ದಾಟಬಲ್ಲ.

ಇಲ್ಲೊಂದು ಸೂಕ್ಷ್ಮವಿದೆ. ಉಕ್ಕಿನ ಸರಕುಗಳಿಗೆ ಈ ಸುಂಕದ ಲೆಕ್ಕದಲ್ಲಿ ಸದ್ಯ ವಿದ್ಯುತ್ತಿನ ಹೊಗೆ ಸೇರುವುದಿಲ್ಲ. ಕುಲುಮೆಯಲ್ಲಿ ಉರಿಸಿದ ಇಂಧನ ಮತ್ತು ಕೊಂಡ ಉಕ್ಕಿನಲ್ಲಿ ಆಗಲೇ ಅಡಗಿರುವ ಹೊರಸೂಸುವಿಕೆ ಸೇರುತ್ತವೆ. ಬೋಲ್ಟು ತಯಾರಕನ ಲೆಕ್ಕದ ಬಹುಭಾಗ ಹೀಗೆ ಉಕ್ಕಿನ ಗಿರಣಿಯಲ್ಲಿಯೇ ನಿರ್ಧಾರವಾಗಿರುತ್ತದೆ. ಆದ್ದರಿಂದ ತಂತಿ ಸರಳು ಕೊಳ್ಳುವಾಗ ಪರೀಕ್ಷಾ ಪ್ರಮಾಣಪತ್ರದ ಜೊತೆಗೆ ಗಿರಣಿಯ ಹೊರಸೂಸುವಿಕೆಯ ವಿವರವನ್ನೂ ಡೀಲರಿನಿಂದ ಕೇಳಿ ಪಡೆಯುವುದು, ಆ ಉಕ್ಕು ಯಾವ ಆರ್ಡರಿಗೆ ಹೋಯಿತೆಂಬುದನ್ನು ಬ್ಯಾಚ್ ಸಂಖ್ಯೆಯೊಂದಿಗೆ ದಾಖಲಿಸುವುದು ರಫ್ತು ಘಟಕಗಳಿಗೆ ಅಗತ್ಯವಾಗಿದೆ.

ಇದಕ್ಕೆ ದುಬಾರಿ ತಂತ್ರಾಂಶ ಬೇಕಿಲ್ಲ. ವಿದ್ಯುತ್ ಬಿಲ್ಲುಗಳು, ಡೀಸೆಲ್ ಮತ್ತು ಅನಿಲದ ರಸೀದಿಗಳು ಘಟಕದಲ್ಲಿ ಇದ್ದೇ ಇರುತ್ತವೆ. ಸಾಗಣೆಯ ದೂರ ಇ-ವೇ ಬಿಲ್ಲಿನಲ್ಲಿಯೇ ನಮೂದಾಗಿರುತ್ತದೆ. 2023ರ ಆಗಸ್ಟಿನಿಂದ 5 ಕೋಟಿ ರೂಪಾಯಿ ವಹಿವಾಟು ಮೀರಿದವರಿಗೆ ಇ-ಇನ್ವಾಯ್ಸ್ ಕಡ್ಡಾಯವಾಗಿರುವುದರಿಂದ ಯಾವ ಮಾಲು ಯಾರಿಗೆ ಎಷ್ಟು ಹೋಯಿತೆಂಬ ವಿವರವೂ ಗಣಕದಲ್ಲಿದೆ. ಏಪ್ರಿಲಿನಿಂದ ಮಾರ್ಚಿಯವರೆಗಿನ ಹನ್ನೆರಡು ಸಾಲುಗಳ ಒಂದು ಹಾಳೆಯಲ್ಲಿ ಯೂನಿಟ್ಟುಗಳನ್ನೂ ಲೀಟರುಗಳನ್ನೂ ಪ್ರತ್ಯೇಕವಾಗಿ ಬರೆದು, ಪಕ್ಕದಲ್ಲಿ ಆ ತಿಂಗಳ ಉತ್ಪಾದನೆಯ ಟನ್ನುಗಳನ್ನು ನಮೂದಿಸಿದರೆ ಪ್ರಶ್ನಾವಳಿಯ ಹೆಚ್ಚಿನ ಭಾಗಕ್ಕೆ ಉತ್ತರ ಸಿದ್ಧವಾದಂತೆ. ವಿದ್ಯುತ್ತಿನ ಗುಣಾಂಕವನ್ನು ಕೇಂದ್ರೀಯ ವಿದ್ಯುತ್ ಪ್ರಾಧಿಕಾರವು ಪ್ರತಿವರ್ಷ ಪರಿಷ್ಕರಿಸಿ ಪ್ರಕಟಿಸುವುದರಿಂದ, ಯಾವ ವರ್ಷದ ಗುಣಾಂಕವನ್ನು ಬಳಸಲಾಗಿದೆಯೆಂಬುದನ್ನು ಅದೇ ಹಾಳೆಯ ಕೆಳಗೆ ಬರೆದಿಡಬೇಕು.